ರೆಕಾರ್ಡ್ ಬುಕ್ಕಿನ ಸಹಿ

ಕಾರವಾರದ ಜುಲೈ ಮಳೆ ಗೊತ್ತಲ್ಲ, ಲ್ಯಾಬಿನ ಗೋಡೆಯೂ ಬೆವರುತ್ತದೆ. ಅಂಥದೊಂದು ಮಧ್ಯಾಹ್ನ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಹುಡುಗರ ಅರವತ್ತು ಲ್ಯಾಬ್ ರೆಕಾರ್ಡ್ ಬುಕ್ಕಿಗೆ ಮುಕ್ಕಾಲು ತಾಸಿನಲ್ಲಿ ಸಹಿ ಹಾಕಿ ಮುಗಿಸಿದೆ. ಓದಿದೆನಾ? ಇಲ್ಲ. ಗಟ್ಟಿತನ ಪರೀಕ್ಷಿಸುವ ಕಾಂಕ್ರೀಟ್ ಕ್ಯೂಬಿನ ಪುಟದಲ್ಲಿ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ರೀಡಿಂಗು. ಕಣ್ಣಿಗೆ ಬಿತ್ತು, ಕೆಂಪು ಪೆನ್ನು ನಿಲ್ಲಲಿಲ್ಲ. ಅಷ್ಟು ಗಡಿಬಿಡಿ ಯಾಕೆಂದರೆ ಮೂರೂವರೆಗೆ ನನಗೆ ಅದೇ ಹುಡುಗರಿಗೆ ವೃತ್ತಿ ನೀತಿಯ ಕ್ಲಾಸಿತ್ತು!

ನಗಬೇಡಿ, ನಾನೂ ನಕ್ಕಿದ್ದು ರಾತ್ರಿ ಮನೆಗೆ ಹೋದ ಮೇಲೆ.

ನಾವು ಓದುವಾಗ ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುದಲ್ಲಿ ಸಂವಿಧಾನ ಮತ್ತು ವೃತ್ತಿ ನೀತಿ ಸೇರಿಸಿ ಒಂದು ಪೇಪರ್ ಇತ್ತು. ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕುವುದು. ಹಿಂದಿನ ದಿನ ಝೆರಾಕ್ಸ್ ಅಂಗಡಿಯಿಂದ ಪ್ರಶ್ನೆಗಳ ಕಟ್ಟು ತಂದರೆ ಪ್ರಾಮಾಣಿಕತೆ ಪಾಸು. 2022ರ ಸ್ಕೀಮಿನಲ್ಲಿ ಮಾನವ ಮೌಲ್ಯಗಳ ಪಾಠವೂ ಇದೆ, ಒಂದು ಕ್ರೆಡಿಟ್ಟು. ಪಾಠ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಹುಡುಗ ನೀತಿ ಕಲಿಯುವುದು ಅಲ್ಲಲ್ಲ. ಎರಡು ಕೋಣೆ ಆಚೆ, ಉತ್ತರ ಮೊದಲು ಇಟ್ಟುಕೊಂಡು ರೀಡಿಂಗ್ ಆಮೇಲೆ ಬರೆಯುವ ಲ್ಯಾಬಿನಲ್ಲಿ. ಅದಕ್ಕೆ ಮೇಷ್ಟ್ರ ಸಹಿ ಬೇರೆ.

ಇದನ್ನು ಇಷ್ಟು ಖಾತ್ರಿಯಾಗಿ ಹೇಳುವುದಕ್ಕೆ ಕಾರಣ ಉಂಟು. ಮೇಷ್ಟ್ರಾಗುವ ಮೊದಲು ಇದೇ ಕರಾವಳಿಯ ಒಂದು ಸೈಟಿನಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಸ್ಲ್ಯಾಬಿಗೊಂದು ಮಾಲು, ಕ್ಯೂಬಿಗೊಂದು ಮಾಲು. ಪರೀಕ್ಷೆಗೆ ಹೋಗುವ ಕ್ಯೂಬಿಗೆ ಬುಟ್ಟಿಯಲ್ಲಿ ಬೇರೆಯೇ ಕಲಸುತ್ತಿದ್ದರು, ಸಿಮೆಂಟ್ ಧಾರಾಳ. 28 ದಿನ ನೀರಿನಲ್ಲಿದ್ದು ಎದ್ದ ಕ್ಯೂಬು ಎಂದೂ ಫೇಲಾಗಲಿಲ್ಲ. ರಿಜಿಸ್ಟರಿನಲ್ಲಿ ಸಹಿ ನನ್ನದು. ಮೊದಲ ದಿನ ಕೈ ನಡುಗಬೇಕಿತ್ತು, ನಡುಗಲಿಲ್ಲ. ನಾಲ್ಕು ವರ್ಷ ರೆಕಾರ್ಡ್ ಬರೆದ ಕೈ ಅದು, ಪಳಗಿತ್ತು.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಒಂದು ಲಾರಿ ನೀರಿಗೆ ಹೋಯ್ತು, ಚಾಲಕ ಪುಣ್ಯಕ್ಕೆ ಬದುಕಿದ. ಸದಾಶಿವಗಡದ ಕಡೆಯ ಮಕ್ಕಳಿಗೆ ಅದು ಹೊಳೆ ದಾಟಿ ಪೇಟೆಗೆ ಬರುವ ದಾರಿಯಾಗಿತ್ತು. ಅದಕ್ಕೆ ಮೂರು ವಾರ ಮೊದಲಷ್ಟೇ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಜರಿದಿತ್ತು. ಕ್ಲಾಸಿನಲ್ಲಿ ಒಂದೇ ಪ್ರಶ್ನೆ: “ಯಾರದ್ದು ತಪ್ಪು ಸರ್?” ಮೊಬೈಲಿನಲ್ಲಿ ಎಲ್ಲರೂ ತೀರ್ಪು ಕೊಟ್ಟಾಗಿತ್ತು. ನಾನು ಕೊಡಲಿಲ್ಲ. ಯಾವ ಕಾಗದ ನೋಡಿದರೆ ನಿಮಗೆ ಉತ್ತರ ಸಿಗಬಹುದು, ಬರೆಯಿರಿ ಅಂದೆ. ತಪಾಸಣೆ ಯಾವಾಗ ಆಯ್ತು, ಯಾರು ಕೆಳಗಿಳಿದು ನೋಡಿದರು, ಉಪ್ಪುಗಾಳಿಗೆ ಸರಳು ಎಷ್ಟು ತುಕ್ಕು ಹಿಡಿದಿತ್ತು, ಯಾರ ಸಹಿ... ಬರೆಯುತ್ತ ಬರೆಯುತ್ತ ಕ್ಲಾಸು ಸುಮ್ಮನಾಯಿತು. ನನ್ನ ಪೂರ್ತಿ ಸೆಮಿಸ್ಟರಿನಲ್ಲಿ ನೀತಿಯ ಪಾಠ ಆಗಿದ್ದು ಆ ಒಂದು ತಾಸು ಮಾತ್ರ.

ಇನ್ನು ವೃತ್ತಿ ಕೌಶಲ. ಬೆಂಗಳೂರಿನಿಂದ ತರಬೇತಿಯವರು ಬಂದು ಈ ಸೆಕೆಯಲ್ಲಿ ಹುಡುಗರಿಗೆ ಟೈ ಕಟ್ಟಿಸಿ ಕೈ ಕುಲುಕಲು ಕಲಿಸುತ್ತಾರೆ. ಕಲಿಸಲಿ ಬಿಡಿ. ಬೇಡ ಅನ್ನುವುದನ್ನು ಐದು ಸಾಲಿನಲ್ಲಿ, ತಾರೀಕು ಹಾಕಿ, ಮೇಲಿನವರಿಗೆ ಬರೆಯುವುದು ಯಾರು ಕಲಿಸಬೇಕು? ಒಮ್ಮೆ ಒಂದು ಕೆಲಸ ಕೊಟ್ಟೆ. ಸಮುದ್ರದ ಬದಿಯ ಮನೆ, ನಾಳೆ ಬೆಳಿಗ್ಗೆ ಸ್ಲ್ಯಾಬ್, ಮೇಸ್ತ್ರಿ ಸರಳನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿದ್ದಾನೆ, ಮಾಲೀಕ ದುಬೈಯಲ್ಲಿ. ನಿಮ್ಮ ಹಿರಿಯ ಎಂಜಿನಿಯರಿಗೆ ಬರೆಯಿರಿ. ಮುಕ್ಕಾಲು ಮಂದಿ ‘ಗೌರವಾನ್ವಿತರೇ’ ಅಂತ ಶುರು ಮಾಡಿ ‘ಸೂಕ್ತ ಕ್ರಮ ಕೈಗೊಳ್ಳಿ’ ಅಂತ ಮುಗಿಸಿದ್ದರು. ಸ್ಲ್ಯಾಬ್ ನಿಲ್ಲಿಸಿ ಎಂದು ಬರೆದವರು ಇಬ್ಬರೇ.

ಅಂಕೋಲೆ ಕಡೆಯ ಹುಡುಗನೊಬ್ಬ ಎದ್ದು ಕೇಳಿದ, “ಸರ್, ಹಿಂಗೆ ಬರೆದ್ರೆ ಕೆಲಸ ಹೋಗ್ತದಲ್ಲ?”

ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಯ ಕತೆ ಹೇಳಿ ಕೂರಿಸಬಹುದಿತ್ತು. ಹೇಳಲಿಲ್ಲ. ಅಮೆರಿಕದ ರಾಕೆಟ್ ಎಂಜಿನಿಯರ್ ರೋಜರ್ ಬೋಯ್ಸ್‌ಜೋಲಿಯ ಬಗ್ಗೆ ಹೇಳಿದೆ. ರಾಕೆಟ್ಟಿನ ಕೀಲಿನ ರಬ್ಬರ್ ಉಂಗುರದ ದೋಷ ಸರಿಮಾಡದಿದ್ದರೆ ಜೀವ ಹೋಗಬಹುದು ಎಂದು 1985ರ ಜುಲೈಯಲ್ಲೇ ಕಂಪನಿಯವರಿಗೆ ಬರೆದುಕೊಟ್ಟಿದ್ದ. ಉಡಾವಣೆಯ ಹಿಂದಿನ ರಾತ್ರಿ ಕೂಡ, ಈ ಚಳಿಗೆ ಉಂಗುರ ಬಿರುಸಾಗುತ್ತದೆ, ಬೇಡ ಎಂದು ವಾದಿಸಿದ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿನಲ್ಲಿ ಒಡೆದು ಏಳು ಜನ ಹೋದರು. ಅವನು ಹೇಳಿದ್ದೇ ಸರಿಯಾಯಿತು. ಆದರೂ ಸಂಗಡಿಗರು ಅವನನ್ನು ದೂರ ಇಟ್ಟರು, ಕಡೆಗೆ ಕೆಲಸವನ್ನೇ ಬಿಟ್ಟ. ಹೌದು ತಮ್ಮಾ, ಹೋಗಲೂಬಹುದು ಅಂದೆ. ಸುಳ್ಳು ಧೈರ್ಯ ತುಂಬುವುದೂ ರೀಡಿಂಗ್ ತಿದ್ದಿದ ಹಾಗೇ.

ಆಮೇಲೆ ಲ್ಯಾಬಿನಲ್ಲಿ ಒಂದು ನಿಯಮ ಮಾಡಿದೆ: ರೀಡಿಂಗು ಪೆನ್ನಿನಲ್ಲೇ ಬರೆಯಬೇಕು, ಆಗಲೇ, ಯಂತ್ರದ ಮುಂದೆಯೇ. ದಿನಕ್ಕೆ ಹತ್ತು ಪುಸ್ತಕಕ್ಕಿಂತ ಹೆಚ್ಚು ನಾನು ನೋಡುವುದಿಲ್ಲ. ವಿಭಾಗದ ಮುಖ್ಯಸ್ಥರು ಮುಖ ಸಿಂಡರಿಸಿದರು. ಹುಡುಗರಂತೂ ಬೈದುಕೊಂಡರು.

ಮೊನ್ನೆ ಶನಿವಾರ ಒಬ್ಬಳು ಪುಸ್ತಕ ತಂದಳು. ಮೂರು ಕ್ಯೂಬು: 24.1, 23.6, 17.2. ಸರಾಸರಿಗಿಂತ ಶೇ. 15ಕ್ಕೂ ಹೆಚ್ಚು ವ್ಯತ್ಯಾಸ, ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಈ ಸ್ಯಾಂಪಲ್ಲೇ ನಡೆಯುವುದಿಲ್ಲ. ಕೆಳಗೆ ಅವಳೇ ಬರೆದಿದ್ದಳು: ‘ಮೂರನೆಯದನ್ನು ನಾನು ಸರಿಯಾಗಿ ಕುಟ್ಟಿ ತುಂಬಿರಲಿಲ್ಲ.’

“ಮಾರ್ಕ್ಸ್ ಕಟ್ ಮಾಡ್ತ್ರಾ ಸರ್?”

“ನಾನು ಮಾಡೂದಿಲ್ಲ.”

“ಮತ್ತೆ ಎಕ್ಸ್‌ಟರ್ನಲ್ ಎಕ್ಸಾಮಿನರ್?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 17.2ರ ಪಕ್ಕ, ಈ ರೀಡಿಂಗ್ ನಾನು ನೋಡಿದ್ದೇನೆ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿಕೊಟ್ಟೆ.