ಷಡ್ಡಕರ ಲೆನ್ಸು, ಪುನರ್ವಸು ಮಳೆ

ಷಡ್ಡಕರ ಹತ್ತಿರ ಸಾಲ ಬೇಕಾದರೆ ಕೇಳಿ, ಲೆನ್ಸ್ ಮಾತ್ರ ಕೇಳಬೇಡಿ. ಸಾಲ ಕೊಟ್ಟವರು ಹಬ್ಬ ಹರಿದಿನಗಳಲ್ಲಾದರೂ ಅದನ್ನು ಮರೆತಂತೆ ನಟಿಸುತ್ತಾರೆ. ಲೆನ್ಸ್ ಕೊಟ್ಟವರಿಗೆ ಆ ದಾಕ್ಷಿಣ್ಯವಿಲ್ಲ. ನಮ್ಮ ಷಡ್ಡಕರು ತಮ್ಮ 14 ಎಂ.ಎಂ. ಲೆನ್ಸನ್ನು ನನ್ನ ಕೈಗೆ ಕೊಟ್ಟ ರೀತಿ ನೋಡಿದ್ದರೆ, ಹನ್ನೊಂದು ದಿನದ ಕೂಸನ್ನು ಗಂಡಸರ ಕೈಗೆ ಕೊಡುವ ಅಜ್ಜಿಯೂ ನಾಚಬೇಕಿತ್ತು. "ಎಲ್ಲಾ ಸರಿ, ಒಂದು ಗೀರು ಬೀಳಬಾರದು ನೋಡಿ" ಎಂದು ಮೂರು ಸಲ ಹೇಳಿದರು. ಮೂರನೆಯ ಸಲ ಹೇಳುವಾಗ ಲೆನ್ಸಿನ ಒಂದು ತುದಿ ಇನ್ನೂ ಅವರ ಕೈಯಲ್ಲೇ ಇತ್ತು.

ಇಷ್ಟೆಲ್ಲ ಆದದ್ದು 2023ರ ಡಿಸೆಂಬರ್ 14ರ ರಾತ್ರಿಗಾಗಿ. ಜೆಮಿನಿಡ್ ಉಲ್ಕಾವೃಷ್ಟಿ ಆ ವರ್ಷ ನಮ್ಮ ಲೆಕ್ಕದಲ್ಲಿ ಸರಿಯಾಗಿ ನಡುರಾತ್ರಿ ದಾಟಿದ ಮೇಲೆ ಉತ್ತುಂಗಕ್ಕೇರುವುದಿತ್ತು. ಅಮಾವಾಸ್ಯೆ ಕಳೆದು ಎರಡೇ ದಿನ, ಚಂದ್ರನ ಕಾಟವಿಲ್ಲ. ಇಂಥ ಯೋಗ ಪ್ರತಿ ವರ್ಷ ಕೂಡಿ ಬರುವುದಿಲ್ಲ.

ಉಲ್ಕೆಗಳಿಗೂ ನನಗೂ ಹಳೆಯ ವೈಷಮ್ಯವಿದೆ. 1999ರ ನವೆಂಬರಿನಲ್ಲಿ ಲಿಯೊನಿಡ್ ಉಲ್ಕೆಗಳ ಬಿರುಮಳೆ ಬರುತ್ತದೆಂದು ಪತ್ರಿಕೆಗಳೆಲ್ಲ ಬರೆದಿದ್ದವು. ಟೆಂಪಲ್-ಟಟಲ್ ಎಂಬ ಧೂಮಕೇತು 33 ವರ್ಷಕ್ಕೊಮ್ಮೆ ಬಂದು ಹೋಗುವಾಗ ದಾರಿಯಲ್ಲಿ ಚೆಲ್ಲಿದ ದೂಳು ಅದು. ನಮ್ಮ ಬೀದಿಯ ಮಕ್ಕಳೆಲ್ಲ ಮಂಕಿ ಟೋಪಿ ಹಾಕಿಕೊಂಡು ತಾರಸಿ ಹತ್ತಿದೆವು. ಬೆಳಗಿನವರೆಗೆ ಕಂಡದ್ದು ಆರು. ಅದರಲ್ಲೊಂದು ಪಕ್ಕದ ಮನೆಯವರ ಬೀಡಿ ಎಂಬ ವಾದ ಇಂದಿಗೂ ಬಗೆಹರಿದಿಲ್ಲ. ಬಿರುಮಳೆ ಬಂದದ್ದು ನಿಜವೇ. ಆದರೆ ಬಂದದ್ದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಏಳೂವರೆಗೆ! ಯುರೋಪು, ಪಶ್ಚಿಮ ಏಷ್ಯಾದವರು ಕತ್ತಲಲ್ಲಿ ಬಾಯಿ ತೆರೆದು ನಿಂತಿದ್ದಾಗ ನಾನು ಹಿತ್ತಲಲ್ಲಿ ಹಲ್ಲುಜ್ಜಲು ಬಾಯಿ ತೆರೆದಿದ್ದೆ. ಇನ್ನು ಆಗಸ್ಟಿನ ಪರ್ಸೀಡ್ ಉಲ್ಕೆಗಳ ಮಾತೇ ಬೇಡ. ಅವು ಬೀಳುವ ಹೊತ್ತಿಗೆ ಇಲ್ಲಿ ಆಶ್ಲೇಷ ಮಳೆ. ಮೋಡದ ಮೇಲೆ ಏನು ಬಿದ್ದರೆ ನಮಗೇನು?

ಹಾಗಾಗಿ ಈ ಸಲ ಬೆಂಗಳೂರಿನ ತಾರಸಿಯನ್ನು ನಂಬದೆ ಚಳ್ಳಕೆರೆ ಕಡೆಯ ನನ್ನ ಮಾವನವರ ಹಳ್ಳಿಗೆ ಹೊರಟೆ. ಬಯಲುಸೀಮೆ, ಒಣಹವೆ, ಬೀದಿದೀಪಗಳೂ ತಮ್ಮ ಮರ್ಜಿಯಂತೆ ಉರಿಯುವ ಊರು. ಕತ್ತಲಿಗೆ ಇದಕ್ಕಿಂತ ಪ್ರಶಸ್ತ ಜಾಗ ಬೇಕೆ?

ಸಂಜೆ ಹೊಲದಲ್ಲಿ ಟ್ರೈಪಾಡ್ ನಿಲ್ಲಿಸಿ ಹತ್ತು ನಿಮಿಷ ಆಗಿರಲಿಲ್ಲ, ನಾಲ್ಕು ಜನ ಬದುವಿನ ಮೇಲೆ ಬಂದು ನಿಂತರು. ಪಕ್ಕದ ಕುದಾಪುರದ ಕಾವಲಿನಲ್ಲಿ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದಮೇಲೆ ಈ ಸೀಮೆಯಲ್ಲಿ ಮೂರು ಕಾಲಿನ ಯಾವ ವಸ್ತುವನ್ನು ಕಂಡರೂ ಜನ ಪಹಣಿ ಹುಡುಕುತ್ತಾರೆ. "ಸರ್ವೆ ಯಾವುದ್ರದ್ದು ಸಾಮಿ, ರೋಡಾ, ಸೋಲಾರಾ?" ಎಂದರು ಒಬ್ಬರು. "ನಕ್ಷತ್ರದ ಫೋಟೋ" ಎಂದೆ. ಅವರು ಮುಖ ಮುಖ ನೋಡಿಕೊಂಡರು. "ನಿಧಿ ಇರಬೇಕು" ಎಂದು ಹಿಂದಿನವರು ಪಿಸುಗುಟ್ಟಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ನಾನು ಯಾರ ಮನೆ ಅಳಿಯ ಎಂಬುದು ಗೊತ್ತಾದ ಮೇಲೇ ಅವರು ಕದಲಿದ್ದು. ಆಮೇಲೂ ಒಬ್ಬರು ಎರಡು ಸಲ ಬಂದು ನಾನು ನಿಂತಿದ್ದ ಕಡೆ ನೆಲ ಅಗೆದಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು ಹೋದರು.

ಮಾವನಿಗೆ ವಿವರಿಸುವುದು ಇನ್ನೂ ಕಷ್ಟವಾಯಿತು. "ಮಿಥುನ ರಾಶಿ ಕಡೆಯಿಂದ ಬರ್ತವೆ ಮಾವ. ನಮ್ಮ ಪುನರ್ವಸು ನಕ್ಷತ್ರ ಇದೆಯಲ್ಲ, ಅಲ್ಲಿಂದ ಉಲ್ಕೆಗಳ ಮಳೆ" ಎಂದೆ.

"ಪುನರ್ವಸು ಮಳೆ ಜುಲೈನಾಗೇ ಹೋಯ್ತಲ್ಲ ಅಳಿಯಂದಿರೇ. ಅದೂ ಈ ವರ್ಷ ಕೈ ಕೊಡ್ತು. ಈಗ ಡಿಸೆಂಬರಿನಾಗೆ ಯಾವ ಮಳೆ?"

ಬರಗಾಲದ ವರ್ಷ, ಮಳೆಯ ವಿಷಯದಲ್ಲಿ ಅವರ ಹತ್ತಿರ ತಮಾಷೆ ನಡೆಯುವುದಿಲ್ಲ. ಜುಲೈನಲ್ಲಿ ಸೂರ್ಯನೇ ಆ ನಕ್ಷತ್ರದ ಜೊತೆ ಇರುತ್ತಾನೆ, ಆಗ ಬರುವುದು ನಿಮ್ಮ ಮಳೆ; ಡಿಸೆಂಬರಿನಲ್ಲಿ ಸೂರ್ಯ ಅದರ ಎದುರು ದಿಕ್ಕಿಗೆ ಹೋಗಿರುತ್ತಾನೆ, ನಕ್ಷತ್ರ ರಾತ್ರಿಯಿಡೀ ಕಾಣುತ್ತದೆ, ಆಗ ಬರುವುದು ನಮ್ಮ ಮಳೆ ಎಂದು ಬಿಡಿಸಿ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ನಿಮ್ಮ ಮಳೆಗೆ ಬೋರ್ ರೀಚಾರ್ಜ್ ಆಗ್ತದಾ?" ಎಂದರು.

ಗಂಟೆಗೆ 120 ಉಲ್ಕೆ ಎಂದು ಹೆಂಡತಿಗೆ ಹೇಳಿ ಕರೆತಂದಿದ್ದೆ. ಅದು ಕಾರಿನ ಕಂಪನಿಯವರು ಹೇಳುವ ಮೈಲೇಜ್ ಇದ್ದಹಾಗೆ. ಉಲ್ಕೆಗಳು ಹೊರಡುವ ಬಿಂದು ನೆತ್ತಿಯ ಮೇಲೇ ಇರಬೇಕು, ಆಕಾಶ ಪೂರಾ ಕಪ್ಪಾಗಿರಬೇಕು, ದಿಗಂತದ ಒಂದು ಮೂಲೆಯೂ ಮರೆಯಾಗಿರಬಾರದು. ಗೃಹಸ್ಥರಿಗೆ ಸಿಕ್ಕುವುದು ಅದರ ಅರ್ಧವೋ ಕಾಲೋ. ಅವಳು ಒಂದು ಕರಿ ಕಂಬಳಿ ಹೊದ್ದು ಜಮಖಾನದ ಮೇಲೆ ಅಂಗಾತ ಮಲಗಿದಳು. ನಾನು ಕ್ಯಾಮೆರಾದ ಹಿಂದೆ ಬಗ್ಗಿ ನಿಂತೆ. ಆ ರಾತ್ರಿ ನಾವಿಬ್ಬರೂ ಬದಲಾಯಿಸದ ಭಂಗಿಗಳು ಇವು.

"ಅಲ್ನೋಡಿ!" ಎಂದಳು. ನಾನು ಮಿಥುನ ರಾಶಿಯ ಕಾಸ್ಟರ್ ನಕ್ಷತ್ರದ ಮೇಲೆ ಫೋಕಸ್ ಹೊಂದಿಸುತ್ತಿದ್ದೆ. "ಅಯ್ಯೋ, ಹಸಿರು ಬಣ್ಣದ್ದು!" ಎಂದಳು. ನಾನು ಐಎಸ್ಒ 3200 ಇರಲೋ 6400 ಇರಲೋ ಎಂದು ಯೋಚಿಸುತ್ತಿದ್ದೆ. ನಾನು ತಲೆ ಎತ್ತುವಷ್ಟರಲ್ಲಿ ಅಲ್ಲಿ ಬರಿಯ ಆಕಾಶ. ಇವುಗಳ ವೇಗ ಸೆಕೆಂಡಿಗೆ 35 ಕಿಲೋಮೀಟರ್. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಒಂದು ಸೆಕೆಂಡು ಸಾಕು. ನನ್ನ ಕತ್ತು ಅಷ್ಟು ಚುರುಕಿಲ್ಲ.

ಹನ್ನೆರಡು ಗಂಟೆಗೆ ಒಂದು ಸತ್ಯ ಹೊಳೆಯಿತು. 20 ಸೆಕೆಂಡಿನ ಪ್ರತಿ ಚಿತ್ರವಾದ ಮೇಲೂ ಕ್ಯಾಮೆರಾ ಇನ್ನೊಂದು 20 ಸೆಕೆಂಡು ಸುಮ್ಮನಿರುತ್ತಿತ್ತು. ಹಿಂದೆಂದೋ ಒತ್ತಿ ಮರೆತ ನಾಯ್ಸ್ ರಿಡಕ್ಷನ್ ಗುಂಡಿ! ಪ್ರತಿ ಚಿತ್ರದ ನಂತರ ಅದು ಷಟರ್ ಮುಚ್ಚಿಕೊಂಡು ಅಷ್ಟೇ ಹೊತ್ತು ಕತ್ತಲೆಯ ಚಿತ್ರ ತೆಗೆದು, ಮೊದಲಿನದರ ಕಸ ಗುಡಿಸುತ್ತದೆ. ಅಂದರೆ ಹತ್ತೂವರೆಯಿಂದ ಹನ್ನೆರಡರವರೆಗಿನ ಅರ್ಧ ಸಮಯ ನನ್ನ ಕ್ಯಾಮೆರಾ ಕಣ್ಣು ಮುಚ್ಚಿಕೊಂಡು ಧ್ಯಾನಕ್ಕೆ ಕೂತಿತ್ತು. ಹೆಂಡತಿ ಕೂಗಿದ ದೊಡ್ಡ ಉಲ್ಕೆಗಳೆಲ್ಲ ಆ ಧ್ಯಾನದ ಹೊತ್ತಿನಲ್ಲೇ ಬಿದ್ದಿದ್ದವು.

ಗುಂಡಿ ಸರಿಮಾಡಿದೆ. ಅಷ್ಟರಲ್ಲಿ ಇಬ್ಬನಿ. ಲೆನ್ಸಿನ ಉಬ್ಬುಗಾಜಿನ ಮೇಲೆ ಕನ್ನಡಕಕ್ಕೆ ಕಾಫಿ ಹಬೆ ಹಿಡಿದಂತೆ ಮಸುಕು. ಒರೆಸಿದರೆ ಗೀರು ಬಿದ್ದೀತೆಂಬ ಭಯ. ಬಲ್ಲವರು ಇದಕ್ಕೆ ಬೆಚ್ಚಗಿನ ಪಟ್ಟಿ ಕಟ್ಟುತ್ತಾರೆ. ನನ್ನದು ಬೆಂಗಳೂರಿನ ಮನೆಯ ಡ್ರಾಯರಿನಲ್ಲಿ ಬೆಚ್ಚಗಿತ್ತು. ಮನೆಗೆ ಓಡಿ ಅತ್ತೆಯನ್ನು ಎಬ್ಬಿಸಿದೆ. ಅವರು ನನ್ನ ಮಂಡಿಗೇ ಏನೋ ಆಗಿದೆಯೆಂದುಕೊಂಡು ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಹಳೆಯ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿ ಕೊಟ್ಟರು. ಆ ಉಪ್ಪಿನ ಶಾಖವನ್ನು ಲೆನ್ಸಿನ ಕುತ್ತಿಗೆಗೆ ಸುತ್ತಿದೆ. ನಂಬಿ, ಐದು ನಿಮಿಷದಲ್ಲಿ ಗಾಜು ತಿಳಿಯಾಯಿತು. ಅದೇ ಕ್ಷಣಕ್ಕೆ ಫೋನ್ ಬೆಳಗಿತು. ಕತ್ತಲಿಗೆ ಕಣ್ಣು ಪಳಗಲು ಅರ್ಧ ಗಂಟೆ ಬೇಕು, ಕೆಡಲು ಒಂದು ಮೆಸೇಜು ಸಾಕು. ಷಡ್ಡಕರು ಕೇಳಿದ್ದರು: "ಲೆನ್ಸ್ ಹೇಗಿದೆ?"

"ಬೆಚ್ಚಗಿದೆ" ಎಂದು ಉತ್ತರಿಸಿದೆ.

ಜೆಮಿನಿಡ್ ಉಲ್ಕೆಗಳ ಮೂಲ ಧೂಮಕೇತುವಲ್ಲ, ಫೇಥಾನ್ ಎಂಬ ಕ್ಷುದ್ರಗ್ರಹ. 1983ರಲ್ಲಿ ಒಂದು ಉಪಗ್ರಹದ ಕಣ್ಣಿಗೆ ಬಿದ್ದದ್ದು. ಬುಧನಿಗಿಂತಲೂ ಒಳಗೆ, ಸೂರ್ಯನ ಬಗಲಿಗೇ ನುಗ್ಗಿ ಬರುತ್ತದೆ. ಅದಕ್ಕೇ ಗ್ರೀಕ್ ಪುರಾಣದ ಸೂರ್ಯಪುತ್ರನ ಹೆಸರು. ಆ ಹುಡುಗ ಅಪ್ಪನ ರಥವನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದು, ಓಡಿಸಲಾರದೆ ಸಿಡಿಲಿಗೆ ಬಲಿಯಾದನಂತೆ. ಕಡ ತಂದ ಸಾಮಾನಿನ ದೆಸೆಯಿಂದ ಕೆಟ್ಟವರ ವಂಶದ ಮೂಲಪುರುಷ. ನನಗೆ ಅವನ ಮೇಲೆ ಆ ರಾತ್ರಿ ಖಾಸಾ ಅಣ್ಣತಮ್ಮಂದಿರ ಪ್ರೀತಿ ಹುಟ್ಟಿತು.

ಎರಡು ಗಂಟೆಗೆ ಮಿಥುನ ನೆತ್ತಿಗೆ ಬಂದಿತು. ಇನ್ನು ಶುರು ಎಂದುಕೊಂಡೆ. ಶುರುವಾಯಿತು, ತ್ರೀ ಫೇಸ್ ಕರೆಂಟು. ಪಂಪ್‌ಸೆಟ್ಟಿಗೆ ಆ ವರ್ಷ ಕರೆಂಟು ಬರುವ ಹೊತ್ತು ದೇವರಿಗೂ ಗೊತ್ತಿರಲಿಲ್ಲ. ಆಟೋ ಸ್ಟಾರ್ಟರ್ ಟಕ್ ಎಂದಿತು, ಬೋರು ಗೊರಗೊರ ಎಂದಿತು, ಮೋಟರ್ ಮನೆಯ ನೆತ್ತಿಯ ಮೇಲೆ, ದಾಳಿಂಬೆ ಕಳ್ಳರಿಗೆಂದು ಹಾಕಿದ್ದ ಫೋಕಸ್ ಲೈಟು ಭಗ್ಗನೆ ಹತ್ತಿತು. ರಾತ್ರಿಯೆಲ್ಲ ನಾನು ಹುಡುಕಿದ್ದು ಫೋಕಸ್. ಸಿಕ್ಕಿದ್ದು ಈ ಫೋಕಸ್ಸು.

ಮಾವ ಅಲ್ಲೇ ಕಟ್ಟೆಯ ಮೇಲೆ ಟವೆಲ್ ಸುತ್ತಿಕೊಂಡು ಕೂತಿದ್ದರು. ಕರೆಂಟಿಗೆ ಕಾದು ಹನ್ನೊಂದರಿಂದಲೂ ಅಲ್ಲೇ ಇದ್ದರಂತೆ. "ಲೈಟ್ ಆರಿಸಲಾ?" ಎಂದು ಎದ್ದರು. ಮಡಿಗೆ ನೀರು ತಿರುಗಿಸಲು ಅವರಿಗೆ ಬೆಳಕು ಬೇಕಿತ್ತು. ಅಳಿಯನ ಬಾಯಲ್ಲಿ ಹೂಂ ಎನ್ನುವುದು ಹೇಗೆ? ಅರ್ಧ ಗಂಟೆ ನಾನೂ ಸನಿಕೆ ಹಿಡಿದು ನೀರು ಕಟ್ಟಿದೆ.

"ನಿಮ್ಮ ಚುಕ್ಕಿ ಭಾಳ ಬಿದ್ವು ಬಿಡ್ರಿ," ಎಂದರು ಮಾವ. "ಎಪ್ಪತ್ತರ ತನಕ ಎಣಿಸ್ದೆ, ಆಮ್ಯಾಕೆ ಬಿಟ್ಟೆ. ಪ್ರತಿ ವರ್ಷ ಈ ತಿಂಗಳಾಗೆ ಬೀಳ್ತಾವೆ. ಕರೆಂಟಿಗೆ ಕಾಯೋರಿಗೆ ಬ್ಯಾರೆ ಏನೈತೆ ಕೆಲಸ? ಇದಕ್ಕೆ ಬೆಂಗಳೂರಿಂದ ಬಂದ್ರಾ?"

ನಾನು ಎಷ್ಟು ನೋಡಿದೆ ಎಂದು ಅವರು ಕೇಳಲಿಲ್ಲ. ನಾಲ್ಕು.

ಮೂರೂವರೆಗೆ ಚಳಿಗೆ ಎರಡನೇ ಬ್ಯಾಟರಿಯೂ ಕೈಚೆಲ್ಲಿತು. ಮಾರನೆಯ ದಿನ ಕೂತು 560 ಚಿತ್ರಗಳನ್ನು ಒಂದೊಂದಾಗಿ ನೋಡಿದೆ. ಸಣ್ಣ ಉಲ್ಕೆ ಕಣ್ಣಿಗೆ ಕಂಡರೂ ಕ್ಯಾಮೆರಾಕ್ಕೆ ದಕ್ಕುವುದಿಲ್ಲ. ಒಂದು ಜಾಗದಲ್ಲಿ ಅದು ನಿಲ್ಲುವ ಹೊತ್ತು ಅಷ್ಟು ಕಡಿಮೆ. ಮೊದಲು ಸಿಕ್ಕ ಉದ್ದ ಗೆರೆಗೆ ಕುಣಿದಾಡಿದೆ. ಅದು ಮುಂದಿನ ಮೂರು ಚಿತ್ರಗಳಲ್ಲೂ ಮೆಲ್ಲಗೆ ಮುಂದುವರಿದಿತ್ತು, ಉಪಗ್ರಹ. ಚುಕ್ಕಿ ಚುಕ್ಕಿಯ ಗೆರೆ ವಿಮಾನ. "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಎಂಬ ಗಾದೆ ಪುನರ್ವಸುವಿಗೂ ಅನ್ವಯಿಸುತ್ತದೆ ಎಂದುಕೊಳ್ಳುವಷ್ಟರಲ್ಲಿ, ಒಂದೇ ಒಂದು ಚಿತ್ರದ ಎಡ ಮೂಲೆಯಲ್ಲಿ ನಿಜವಾದದ್ದು ಸಿಕ್ಕಿತು. ಎರಡು ತುದಿ ಚೂಪಾದ, ನಡುವೆ ದಪ್ಪನೆಯ, ಹಸಿರು ಛಾಯೆಯ ಗೆರೆ. ಕಡಲೆ ಕಾಳಿಗಿಂತ ಚಿಕ್ಕದಾದ ಕಲ್ಲುಚೂರೊಂದು ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಉರಿದು ನನ್ನ ಮಾನ ಉಳಿಸಿತ್ತು. ಚಿತ್ರದ ಬುಡದಲ್ಲಿ ಕರಿ ಕಂಬಳಿಯಿಂದ ಮೇಲಕ್ಕೆ ಚಾಚಿದ ಹೆಂಡತಿಯ ಕೈಯೂ ಮಸುಕಾಗಿ ಬಂದಿತ್ತು.

ಎದೆ ಉಬ್ಬಿಸಿಕೊಂಡು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅತ್ತೆ ಕೈಮುಗಿದರು, ನಾದಿನಿ ಹೃದಯ ಕಳಿಸಿದರು. ಷಡ್ಡಕರು ಬಹಳ ಹೊತ್ತು "ಟೈಪಿಂಗ್" ಎಂದು ತೋರಿಸಿ, ಆ ಉಲ್ಕೆಯ ಸುತ್ತ ಕೆಂಪು ವೃತ್ತ ಬರೆದು ಚಿತ್ರವನ್ನು ವಾಪಸ್ ಹಾಕಿದರು. ಕೆಳಗೆ ಒಂದೇ ಸಾಲು:

"ಈ ಗೀರು ಯಾವಾಗ ಬಿತ್ತು?"