ಹೆಂಚು ಇಳಿಸಿದ ಮೇಲೆ

ಹಳೇ ಮನೆ ರಿಪೇರಿ ಮಾಡಿಸ್ತಿದ್ದೀವಿ ಅಂತ ಯಾರಿಗಾದರೂ ಹೇಳಿ ನೋಡಿ, ಮೊದಲು ಬರುವ ಪ್ರಶ್ನೆ ಒಂದೇ. "ಹೋಂ ಸ್ಟೇ ಮಾಡ್ತೀರಾ?" ಇಲ್ಲ ಮಾರಾಯ್ರೆ, ನಾವೇ ಇರೋಕೆ. ಅಷ್ಟು ಹೇಳಿದ್ದೇ ತಡ, ಕೇಳಿದವರಿಗೆ ಅರ್ಧ ಆಸಕ್ತಿ ಹೋಗಿರುತ್ತದೆ. ಉಳಿದರ್ಧದಲ್ಲಿ ಒಂದು ಸಲಹೆ ಬರುತ್ತದೆ. "ಹಂಗಾದ್ರೆ ಕೆಡವಿ ಟೆರೇಸ್ ಮನೆ ಕಟ್ಟಿಬಿಡಬಹುದಿತ್ತಲ್ಲ, ಒಂದ್ಸಲ ಮಾಡಿದ್ರೆ ಮುಗೀತು."

ಈ 'ಮುಗೀತು' ಅನ್ನೋದನ್ನು ನಾನು ಈ ವರ್ಷ ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಹೇಳಿದವರ ಟೆರೇಸ್ ಮೇಲೆ ಈಗ ಶೀಟಿನ ಮಾಡು ಬಂದಿದೆ, ಯಾಕೆಂದರೆ ಟೆರೇಸ್ ಸೋರುತ್ತದೆ. ಮಲೆನಾಡಿನ ಮಳೆಗೆ ಯಾರ ಮನೆಯೂ ಮುಗಿದದ್ದು ನಾನು ನೋಡಿಲ್ಲ.

ನಮ್ಮ ಮನೆ ಇರೋದು ಸಾಗರ ತಾಲ್ಲೂಕಿನ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. ರಿಪೇರಿ ಇಷ್ಟು ವರ್ಷ ಮುಂದಕ್ಕೆ ಹೋಗಿದ್ದಕ್ಕೆ ದುಡ್ಡು ಒಂದು ಕಾರಣ, ಹೊಳೆ ಇನ್ನೊಂದು. ಒಂದು ಲೋಡು ಚೀರೆಕಲ್ಲು ಬರಬೇಕು ಅಂದರೂ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾದು, ಹೊಳೆ ದಾಟಿ, ಕಳಸವಳ್ಳಿಯಲ್ಲಿ ಇಳಿದು ಬರಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದುಬಿಟ್ಟರೆ ಲಾಂಚಿಗೆ ವಾಹನವನ್ನೇ ಹತ್ತಿಸುತ್ತಿರಲಿಲ್ಲ. ಮನೆ ಕೆಲಸ ಮಾಡಿಸುವ ಕಾಲವೂ ಅದೇ ಬೇಸಿಗೆ, ನೋಡಿ. ಲಾರಿಯವರಿಗೆ ಫೋನ್ ಮಾಡಿ ಊರಿನ ಹೆಸರು ಹೇಳಿದರೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇರುತ್ತಿರಲಿಲ್ಲ, ಆಮೇಲೆ ಹೇಳುವ ಬಾಡಿಗೆ ಕೇಳಿ ನಮಗೆ ಮಾತು ಹೋಗುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ಶುರುವಾಯಿತು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದದ ಸೇತುವೆ, ಈಗ ನಾಲ್ಕೈದು ನಿಮಿಷದಲ್ಲಿ ಹೊಳೆ ದಾಟಿ ಆಗಿರುತ್ತದೆ. ಊರವರೆಲ್ಲ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಇವರು, ಅಂದರೆ ನನ್ನ ಯಜಮಾನರು, ಮಾತ್ರ ಮರಳಿನ ಲಾರಿ ನಂಬರು ಹುಡುಕುತ್ತಾ ನಿಂತಿದ್ದರು.

ಇದೇ ಹೊಳೆಯ ದೆಸೆಯಿಂದಲೇ ಈ ಮನೆ ಇಲ್ಲಿರೋದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ನೀರು ನಿಂತಾಗ ಇವರ ಅಜ್ಜನ ಮನೆ, ಗದ್ದೆ, ತೋಟ ಎಲ್ಲ ಮುಳುಗಡೆ. ಎಷ್ಟೋ ಜನ ಶಿವಮೊಗ್ಗದ ಕಡೆ ಹೋದರು. ಅಜ್ಜ ಹೋಗಲಿಲ್ಲ. ನೀರು ಬರುವ ಮೊದಲೇ ಮನೆ ಬಿಚ್ಚಿ ಮರಮುಟ್ಟನ್ನೆಲ್ಲ ಗಾಡಿಗೆ ಹೇರಿಕೊಂಡು ಗುಡ್ಡ ಹತ್ತಿ ಇಲ್ಲಿ ಕಟ್ಟಿದರು. ಮಾವ ಇದನ್ನು ಹೇಳುತ್ತಲೇ ಇದ್ದರು, ನಾನೂ ತಲೆ ಆಡಿಸುತ್ತಲೇ ಇದ್ದೆ. ಹೆಂಚು ಇಳಿಸಿ ಮಾಡು ಬಿಚ್ಚಿದ ಮೇಲೆ ಕಣ್ಣಿಗೇ ಕಂಡಿತು.

ನಡುಮನೆಯ ತೊಲೆ ಹಲಸಿನದು. ಅದರ ಒಂದು ಮಗ್ಗುಲಲ್ಲಿ ಸಾಲಾಗಿ ಚೌಕದ ತೂತುಗಳು. ಯಾವುದಕ್ಕೂ ಏನೂ ಕೂಡಿಸಿಲ್ಲ, ಸುಮ್ನೆ ಇವೆ. ಮರಗೆಲಸದ ಆಚಾರ್ರು ಏಣಿ ಮೇಲೆ ನಿಂತು ಅದರೊಳಗೆ ಬೆರಳು ಹಾಕಿ ಧೂಳು ತೆಗೆದು, "ಇದು ಈ ಮನೆಗೆ ಕೊರೆದದ್ದಲ್ಲ ಅಮ್ಮ" ಅಂದರು. ಅಲ್ಲಿ ಯಾವುದೋ ಜಂತೆ ಕೂತಿತ್ತಂತೆ, ಹಳೇ ಮನೆಯಲ್ಲಿ. ಮಾಡಿನ ಇಳಿಜಾರಿಗೆ ಹಾಕುವ ಪಕಾಸುಗಳ ತುದಿಯಲ್ಲಿ ಉಳಿಯಿಂದ ಕಚ್ಚು ಹಾಕಿದ ಗುರುತು, ಒಂದು ಗೀಟು, ಎರಡು ಗೀಟು, ಮೂರು ಗೀಟು, ಆಮೇಲೆ ಅಡ್ಡಗೀಟು. ಬಿಚ್ಚಿದವರು ಮತ್ತೆ ಜೋಡಿಸುವಾಗ ತಪ್ಪಬಾರದು ಅಂತ ಹಾಕಿಕೊಂಡ ಲೆಕ್ಕ. ನಮ್ಮ ಆಚಾರ್ರು ಅದರ ಪಕ್ಕದಲ್ಲೇ ಪೆನ್ಸಿಲಲ್ಲಿ ತಮ್ಮ ನಂಬರು ಹಾಕಿಕೊಂಡರು. ಅಂದರೆ ನಾವು 'ಹಳೇ ಮನೆ' ಅನ್ನುತ್ತಿರೋದು ಹುಟ್ಟಿದ್ದೇ ರಿಪೇರಿ ಮನೆಯಾಗಿ.

ಹಾಗೆ ನೋಡಿದರೆ ಹಿಂದೆ ರಿಪೇರಿ ಅಂತ ಬೇರೆ ಕೆಲಸವೇ ಇರಲಿಲ್ಲ. ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸೋದು, ಮಂಗ ಹಾರಿ ಒಡೆದದ್ದನ್ನು ಬದಲಾಯಿಸೋದು, ಗಾಳಿಮಳೆ ಹೊಡೆಯುವ ಕಡೆ ಗೋಡೆಗೆ ಸೋಗೆ ತಟ್ಟಿ ಕಟ್ಟೋದು, ದೀಪಾವಳಿಗೆ ಕೆಮ್ಮಣ್ಣು ಸುಣ್ಣ ಬಳಿಯೋದು. ಎಲ್ಲ ವರ್ಷಾ ವರ್ಷಾ ಆಗುತ್ತಿತ್ತು, ಯಾರೂ ಅದಕ್ಕೆ ಎಸ್ಟಿಮೇಟ್ ಹಾಕುತ್ತಿರಲಿಲ್ಲ. ಒಲೆ ಉರಿ ಕೂಡ ಮನೆಗೆ ಚಾಕರಿ ಮಾಡುತ್ತಿತ್ತು. ಹೊಗೆ ಅಟ್ಟಕ್ಕೆ ಏರಿ ಮರಕ್ಕೆಲ್ಲ ಕಪ್ಪು ಹಿಡಿಯುತ್ತಿತ್ತಲ್ಲ, ಆ ಮರಕ್ಕೆ ಹುಳ ಬೀಳುತ್ತಿರಲಿಲ್ಲ. ಗ್ಯಾಸ್ ಬಂತು, ಹೊಗೆ ನಿಂತಿತು, ನಾವೆಲ್ಲ ಖುಷಿಪಟ್ಟೆವು. ಅಡುಗೆಮನೆ ಮಾಡಿನಲ್ಲಿ ಹುಳಗಳೂ ಖುಷಿಪಟ್ಟವು. ಹೆಂಚು ಕೂರಿಸುವ ರೀಪು ಮುಟ್ಟಿದರೆ ಹಿಟ್ಟು ಉದುರುತ್ತಿತ್ತು. ಬಚ್ಚಲ ಒಲೆ ಈಗಲೂ ಉರಿಯುತ್ತದೆ. ಆ ಬಚ್ಚಲ ಮನೆಯ ಮರಗಳು ಕಬ್ಬಿಣದಂತೆ ಗಟ್ಟಿ ಇವೆ.

ಅತ್ತೆ ಇದನ್ನು ಮೂರು ಹೊತ್ತೂ ಹೇಳಿದರು. ಗೆಲ್ಲುವ ಮಾತು ಸಿಕ್ಕಿದಾಗ ಯಾರು ಬಿಡುತ್ತಾರೆ? ಆದರೆ ಗ್ಯಾಸ್ ತೆಗೆಯೋಣವಾ ಅಂದರೆ ಅದಕ್ಕೂ ಅವರು ತಯಾರಿಲ್ಲ. ಕೊನೆಗೆ ಮಾಡಿನ ಮರಕ್ಕೆಲ್ಲ ಗೇರೆಣ್ಣೆ ಬಳಿಸೋದು ಅಂತಾಯಿತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕರಿ ಎಣ್ಣೆಗೆ ಗೆದ್ದಲು ಹತ್ತಿರ ಬರಲ್ಲ. ಮೈಗೆ ತಾಗಿದರೆ ಸುಡುತ್ತದೆ, ಅದಕ್ಕೇ ಬಳಿಯುವವರು ಕೈಗೆ ಗೌಸು ಹಾಕಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಕಳ್ಳರಂತೆ ಓಡಾಡುತ್ತಿದ್ದರು.

ಗೋಡೆಯ ಕಥೆ ಬೇರೆ. ಮಣ್ಣಿನ ಗೋಡೆಗೆ ಹದಿನೈದಿಪ್ಪತ್ತು ವರ್ಷದ ಹಿಂದೆ ಚಂದಕ್ಕೆ ಅಂತ ಸಿಮೆಂಟ್ ಬಳಿಸಿದ್ದರು. ಮಣ್ಣುಗೋಡೆ ನೆಲದ ತೇವ ಎಳೆದುಕೊಳ್ಳುತ್ತದೆ, ಆಮೇಲೆ ಬಿಸಿಲಿಗೆ ತಾನೇ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಕೂತರೆ ಆ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಒಳಗೊಳಗೇ ಮಣ್ಣು ಮೆತ್ತಗಾಗಿ, ಒಂದು ಮಳೆಗಾಲದಲ್ಲಿ ಇಡೀ ಗಿಲಾಯಿ ಹಪ್ಪಳದಂತೆ ಎದ್ದುಬಂತು. ಈಗ ಅದನ್ನೆಲ್ಲ ಕೆತ್ತಿಸಿ ಮತ್ತೆ ಮಣ್ಣು, ಸುಣ್ಣ. ಮೇಸ್ತ್ರಿಗೆ ಇದು ಸ್ವಲ್ಪವೂ ಸೇರಲಿಲ್ಲ. "ಸಿಮೆಂಟಾದ್ರೆ ಎರಡು ದಿನ, ಇದಕ್ಕೆ ಎಂತ ಕರ್ಮ" ಅಂದ. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು ಅಂತ ಮಾವ ಹೇಳಿದ್ದಕ್ಕೆ, "ಕಾಫಿಗೇ ಬೆಲ್ಲ ಹಾಕದ ಕಾಲ, ಗೋಡೆಗೆ ಹಾಕ್ತಾರಂತೆ" ಅಂತ ಗೊಣಗಿದ. ಆದರೂ ಮಾಡಿದ. ಒಣಗಿದ ಮೇಲೆ ತಾನೇ ಅಂಗೈ ಆಡಿಸಿ ನೋಡಿ, ಏನೂ ಹೇಳದೆ ಫೋಟೋ ಹೊಡೆದುಕೊಂಡು ಹೋದ.

ಇಷ್ಟೆಲ್ಲ ಬರೆದರೆ ನಾವು ಬೇರೆ ಕೆಲಸವಿಲ್ಲದೆ ಮನೆ ಕಟ್ಟಿಸುತ್ತಾ ಕೂತಿದ್ದೆವು ಅನ್ನಿಸಬಹುದು. ಇಲ್ಲಿ ಮನೆ ಕೆಲಸಕ್ಕೆ ಸಿಗುವ ಕಾಲವೇ ಚೂರು. ಜೂನ್‌ನಿಂದ ಮಳೆ, ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸೋದು, ಕೊಳೆರೋಗ ಬಂತಾ ಅಂತ ದಿನಾ ಕತ್ತೆತ್ತಿ ನೋಡೋದು. ಮಳೆ ಬಿಟ್ಟ ಕೂಡಲೇ ಅಡಿಕೆ ಕೊಯ್ಲು. ಕೊಯ್ಲಿನಲ್ಲಿ ಆಳೂ ಸಿಗಲ್ಲ, ಅಂಗಳವೂ ಸಿಗಲ್ಲ, ಮನೆಯವರೂ ಸಿಗಲ್ಲ. ಸುಲಿದದ್ದು ಬೇಯಬೇಕು, ಬೆಂದದ್ದು ಒಣಗಬೇಕು. ಅದು ಮುಗಿಯುವಾಗ ಜನವರಿ ಕಳೆದಿರುತ್ತದೆ. ಸರಿ ಅಂತ ಫೆಬ್ರವರಿಯಲ್ಲಿ ಹೆಂಚು ಇಳಿಸಿದರೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ ಈ ಸಲವೇ ಬಂತು. ಆಚಾರ್ರು, ಮೇಸ್ತ್ರಿ, ಹೆಲ್ಪರ್ ಹುಡುಗರು, ಅವರ ಫೋನು, ಎಲ್ಲ ಒಟ್ಟಿಗೆ ಮಾಯ. ಅಮ್ಮನವರ ಜಾತ್ರೆಗೆ ಹೋದವರನ್ನು ಬೈಯೋಕೂ ಆಗಲ್ಲ. ನಾವೂ ಹೋದೆವು. ಅಲ್ಲಿ ಬಳೆ ಅಂಗಡಿ ಹತ್ತಿರ ಮೇಸ್ತ್ರಿ ಸಿಕ್ಕಿ, ಹೆಂಡತಿ ಮಕ್ಕಳ ಪರಿಚಯ ಮಾಡಿಸಿ, ಸೋಮವಾರ ಬರ್ತೀನಿ ಅಂದ. ಯಾವ ಸೋಮವಾರ ಅಂತ ನಾವು ಕೇಳಬೇಕಿತ್ತು.

ಮಾರ್ಚ್‌ಗೆ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವಳು ಓದಿದ್ದು ಅಡಿಕೆ ಚೀಲಗಳ ನಡುವೆ ಚಾಪೆ ಹಾಸಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು. ನನ್ನದು ಮನೆಯಿಂದಲೇ ಮಾಡುವ ಕಂಪ್ಯೂಟರ್ ಕೆಲಸ. ನೆಟ್‌ವರ್ಕ್ ಸರಿಯಾಗಿ ಸಿಗುತ್ತಿದ್ದದ್ದು ಅಟ್ಟದ ಕಿಟಕಿ ಹತ್ತಿರ ಮಾತ್ರ. ಅಟ್ಟ ಬಿಚ್ಚಿದ ಮೇಲೆ ಕೊಟ್ಟಿಗೆ ಪಕ್ಕದ ಹುಲ್ಲಿನ ಬಣವೆ ನನ್ನ ಆಫೀಸು. ಮೀಟಿಂಗ್‌ನಲ್ಲಿ ನಾನು ಮ್ಯೂಟ್ ತೆಗೆದ ಕೂಡಲೇ ಮಾತಾಡೋದು ಗೌರಿ ಅನ್ನೋದು ಈಗ ಬೆಂಗಳೂರಿನ ಸಹೋದ್ಯೋಗಿಗಳಿಗೆಲ್ಲ ಗೊತ್ತು. ಕರು ಹಾಕಿದಾಗ ನಾಲ್ಕು ಜನ ಮೆಸೇಜ್ ಮಾಡಿ ವಿಚಾರಿಸಿದರು.

ಅಡುಗೆಮನೆ ಅಡಿಕೆ ಬೇಯಿಸುವ ಮನೆಗೆ ಹೋಯಿತು. ಅಡಿಕೆ ಹಂಡೆ ಇಡುವ ಒಲೆ ಮೇಲೆ ಅನ್ನದ ಪಾತ್ರೆ ಇಟ್ಟರೆ ಅದು ಒಳಗೇ ಬಿದ್ದುಹೋಗುವಷ್ಟು ದೊಡ್ಡ ಒಲೆ. ಎರಡು ಕಬ್ಬಿಣದ ಸಲಾಕೆ ಅಡ್ಡ ಇಟ್ಟು ಸಂಸಾರ ಸಾಗಿತು. ಸಾರಿಗೆಲ್ಲ ಅಡಿಕೆ ಬೇಯಿಸಿದ ಚೊಗರಿನ ವಾಸನೆ ಅಂತ ಮಗ ಮುಖ ಸಿಂಡರಿಸುತ್ತಿದ್ದ. ಕೆಲಸದವರಿಗೆ ಹತ್ತು ಗಂಟೆಯ ಚಾ, ಊಟ, ನಾಲ್ಕು ಗಂಟೆಯ ಚಾ, ಅದರ ನಡುವೆ ನೆಂಟರ ಮದುವೆ ಕರೆಯೋಲೆಗಳು. ಕರೆಯಲು ಬಂದವರಿಗೆ ಕೂರಿಸಲು ಜಾಗವಿಲ್ಲ, ನಿಂತೇ ಪಾನಕ ಕುಡಿದು ಹೋಗುತ್ತಿದ್ದರು. ಇದೊಂದು ಅನುಕೂಲ ಅಂತಲೇ ಹೇಳಬೇಕು.

ಮಗನಿಗೆ ಮಾತ್ರ ಈ ರಿಪೇರಿ ಹಬ್ಬ. ಇಳಿಸಿದ ಹೆಂಚಿನ ಪಾಚಿ ತಿಕ್ಕೋದು ಅವನ ಕೆಲಸ ಅಂತಾಯಿತು. ಪ್ರತಿ ಹೆಂಚಿನ ಹಿಂದೆ ಕಾರ್ಖಾನೆ ಹೆಸರು ಅಚ್ಚೊತ್ತಿರುತ್ತದಲ್ಲ, ತಿಕ್ಕಿ ತಿಕ್ಕಿ ಅಕ್ಷರ ಓದಿ ಬೇರೆ ಬೇರೆ ಸಾಲು ಮಾಡಿ ಜೋಡಿಸಿದ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಆಮೇಲೆ ಅಲ್ಲಿ ಎಷ್ಟೋ ಕಾರ್ಖಾನೆ ಆದವು ಅಂತ ಮಾವ ಹೇಳಿದ ಮೇಲೆ ಹುಡುಗ ಒಂದಾದರೂ ಮಿಷನ್ನಿನ ಹೆಂಚು ಸಿಗುತ್ತದೆ ಅಂತ ಹುಡುಕಿದ್ದೇ ಹುಡುಕಿದ್ದು. ಸಿಗಲಿಲ್ಲ. ಮಾವ ಅವನ ಪಕ್ಕ ಸ್ಟೂಲ್ ಹಾಕಿಕೊಂಡು ಪ್ರತಿ ಹೆಂಚನ್ನೂ ಬೆರಳ ಗೆಣ್ಣಲ್ಲಿ ಬಡಿದು ನೋಡುತ್ತಿದ್ದರು. ಠಣ್ ಅಂದರೆ ಮಾಡಿಗೆ, ಬದ್ ಅಂದರೆ ದನದ ಕೊಟ್ಟಿಗೆ ಹಿಂದಿನ ಗುಂಡಿಗೆ. ನೂರು ಚದರಡಿ ಮಾಡಿಗೆ ಸುಮಾರು ನೂರೈವತ್ತು ಹೆಂಚು ಬೇಕು, ನಮ್ಮ ಮಾಡು ಎಷ್ಟು ದೊಡ್ಡದು ಅನ್ನೋದು ಅವರಿಬ್ಬರ ಬೆರಳಿಗೆ ಗೊತ್ತು. ಅರ್ಧಕ್ಕಿಂತ ಜಾಸ್ತಿ ಹಳೇ ಹೆಂಚೇ ಮತ್ತೆ ಮೇಲೆ ಹೋದವು. ಈಗಿನ ಹೆಂಚಿಗೆ ಆ ಶಬ್ದವೇ ಇಲ್ಲ ಅಂತ ಮಾವನ ತಕರಾರು. ಬೆಲೆಗೆ ಮಾತ್ರ ಒಳ್ಳೇ ಶಬ್ದ ಇದೆ.

ಜಗಳ ಆಗಲಿಲ್ಲವಾ? ನೆಲದ ವಿಷಯದಲ್ಲಿ ಆಯಿತು. ಇವರಿಗೆ ಟೈಲ್ಸ್, ನನಗೆ ಕೆಂಪು ಗಾರೆ ನೆಲ. ಮಳೆಗಾಲದಲ್ಲಿ ಟೈಲ್ಸ್ ಬೆವರುತ್ತದೆ, ಜಾರುತ್ತದೆ, ಬಟ್ಟೆ ಹಿಡಿದು ಒರೆಸುತ್ತಾ ಇರಬೇಕು. ಒರೆಸೋದು ಯಾರು ಅಂತ ಕೇಳಿದೆ. ಕೆಂಪು ನೆಲ ಆಯಿತು. ಮಾವನ ಮಂಡಿನೋವಿಗೆ ಅಂತ ಮಲಗುವ ಕೋಣೆಗೇ ಒಂದು ಬಾತ್‌ರೂಮ್ ಮಾಡಿಸಿದ್ದಕ್ಕೆ ಹಳೇ ಮನೆ ಪ್ರೇಮಿಗಳಾದ ಬೆಂಗಳೂರಿನ ನೆಂಟರು "ಅಯ್ಯೋ, ಒರಿಜಿನಲ್ ಹೋಯ್ತಲ್ಲ" ಅಂದರು. ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ ಕೊಡೆ ಹಿಡಿದು ಅಂಗಳ ದಾಟಿ ಹೋಗೋದು ಒರಿಜಿನಲ್ಲೇ. ಬಂದಾಗ ಅವರಿಗೆ ಆ ವ್ಯವಸ್ಥೆ ಮಾಡಿಕೊಡೋಣ ಅಂತ ಅತ್ತೆ ಅಂದರು.

ಏಪ್ರಿಲ್‌ನಲ್ಲಿ ಒಂದು ಸಂಜೆ ಅಡ್ಡಮಳೆ ಬಂತು, ಆಲಿಕಲ್ಲು ಸಮೇತ. ಮಾಡಿಗೆ ಅರ್ಧ ಹೆಂಚು, ಅರ್ಧ ಆಕಾಶ. ಟಾರ್ಪಾಲಿನ ನಾಲ್ಕು ಮೂಲೆಗೆ ನಾಲ್ಕು ಜನ ಜೋತುಬಿದ್ದೆವು. ಗಾಳಿಗೆ ಅದು ನಮ್ಮನ್ನೂ ಎಳೆದುಕೊಂಡು ಹೋಗುವ ಅಂದಾಜಿನಲ್ಲಿತ್ತು. ಮಾವ ಜಗುಲಿಯ ಒಣ ಮೂಲೆ ಹುಡುಕಿ ಕೂತು ಪೇಪರ್ ಓದುತ್ತಿದ್ದರು. ಮಳೆಗಾಲ ಬಂತು ಅಂದರೆ ಅವರಿಗೆ ಪೇಪರಿನಲ್ಲಿ ಮೊದಲು ಬೇಕಾದದ್ದು ಲಿಂಗನಮಕ್ಕಿ ನೀರಿನ ಮಟ್ಟ, ಗರಿಷ್ಠ 1819 ಅಡಿ, ಇವತ್ತು ಇಷ್ಟು. ಮನೆಯೊಳಗೆ ಎಷ್ಟಡಿ ಬಂತು ಅಂತ ಅವತ್ತು ಕೇಳಿದ್ದು ಮಾತ್ರ ಸೊಸೆ ಮಗ ಇಬ್ಬರಿಗೂ ಹಿತ ಅನ್ನಿಸಲಿಲ್ಲ.

ಮೃಗಶಿರ ಮಳೆಗೆ ಮೊದಲು ಮಾಡು ಪೂರ್ತಿ ಆಯಿತು. ಅಡುಗೆಮನೆ ಒಳಗೆ ಬಂತು, ಎರಡು ಕಿಟಕಿಗೆ ಬಾಗಿಲು ಇನ್ನೂ ಆಗಿಲ್ಲ, ಹಾಳೆ ಹೊಡೆದಿದ್ದೇವೆ. ಕೊಟ್ಟಿಗೆ ಮಾಡು ಈ ವರ್ಷ ಆಗಲಿಲ್ಲ. ಆಚಾರ್ರು ಹೋಗುವಾಗ ಅದರ ಅಳತೆ ತೆಗೆದುಕೊಂಡು, "ಕೊಯ್ಲು ಮುಗೀಲಿ, ನೋಡಣ" ಅಂದಿದ್ದಾರೆ. ಗೇರೆಣ್ಣೆ ಒಂದು ಡಬ್ಬಿ ಮಿಕ್ಕಿದೆ. ಅದನ್ನು ಯಾರಿಗೂ ಕೊಡಬೇಡಿ, ಬೇಕಾಗುತ್ತೆ ಅಂತ ಅತ್ತೆ ಅದನ್ನು ಅಟ್ಟಕ್ಕೆ ಹಾಕಿಸಿದ್ದಾರೆ.