ಸತ್ತದ್ದು ಗಂಡ, ಜಾಲಾಡಿದ್ದು ಹೆಂಡತಿಯ ಹಳೇ ಕಥೆ

1876ರಲ್ಲಿ ಗಂಡ ವಿಷದಿಂದ ಸತ್ತಾಗ ಇಡೀ ಇಂಗ್ಲೆಂಡಿನ ಬಾಯಿಗೆ ಬಿದ್ದ ಫ್ಲಾರೆನ್ಸ್ ಬ್ರಾವೊ ಹೆಸರೆತ್ತಿದರೆ ಸಾಕು, 'ಹಾಗಾದ್ರೆ ವಿಷ ಹಾಕಿದ್ದು ಯಾರು?' ಅಂತ ಕೇಳ್ತಾರೆ. ನೂರೈವತ್ತು ವರ್ಷವಾದರೂ ಆ ಪತ್ತೇದಾರಿ ಚಪಲ ತೀರಿಲ್ಲ. ನನಗೂ ಇತ್ತು. ಈಗ ಆ ಕಥೆ ಓದಿದರೆ ಬರೋದು ಸಿಟ್ಟು.

ಅವಳ ಮೊದಲ ಗಂಡ ಅಲೆಕ್ಸಾಂಡರ್ ರಿಕಾರ್ಡೊ ಸೈನ್ಯದಲ್ಲಿದ್ದವನು, ಮಹಾ ಕುಡುಕ. 1871ರಲ್ಲಿ ಸತ್ತ. ಇಪ್ಪತ್ತೈದರ ಫ್ಲಾರೆನ್ಸ್ ಕೈಗೆ 40,000 ಪೌಂಡ್ ಬಂತು. ಆ ಕಾಲದ ಇಂಗ್ಲೆಂಡಿನಲ್ಲಿ ಹೆಂಡತಿಯ ಆಸ್ತಿ ಬಹುಪಾಲು ಗಂಡನದೇ. ಅಪ್ಪನನ್ನೂ ಕೇಳದೆ, ಗಂಡನನ್ನೂ ಕೇಳದೆ ದುಡ್ಡು ಖರ್ಚು ಮಾಡುವ ಯೋಗ ಇದ್ದದ್ದು ವಿಧವೆಗೆ. ನಮ್ಮ ಮಡಿ ಹೆಂಗಸರಿಗೆ ಕೆಂಪು ಸೀರೆ, ಅಲ್ಲಿಯವರಿಗೆ ಕರಿ ಕ್ರೇಪ್ ಬಟ್ಟೆ. ಆದರೆ ಆ ಕರಿ ಬಟ್ಟೆಯೊಳಗೆ ಇವಳಿಗೆ ಒಂದಿಷ್ಟು ಉಸಿರಾಡುವ ಜಾಗ ಸಿಕ್ಕಿತ್ತು.

ಅದನ್ನವಳು ಬಳಸಿಕೊಂಡಳು. ಮಾಲ್ವರ್ನ್‌ನಲ್ಲಿ ಜಲಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ಗಲ್ಲಿ ಜೊತೆ ಪ್ರೀತಿ. ಡಾರ್ವಿನ್, ಟೆನಿಸನ್ ಅಂಥವರಿಗೆ ಚಿಕಿತ್ಸೆ ಕೊಟ್ಟ ಮನುಷ್ಯ, ವಯಸ್ಸು ಅರವತ್ತು ದಾಟಿತ್ತು, ಹೆಂಡತಿಯಿಂದ ದೂರವಿದ್ದ. ಸುದ್ದಿ ಹಬ್ಬಿತು. ತವರಿನವರು ಬಾಗಿಲು ಹಾಕಿದರು, ದೊಡ್ಡವರ ಮನೆಗಳಿಂದ ಕರೆ ಬರುವುದು ನಿಂತಿತು. ಕಳೆದ ಮರ್ಯಾದೆ ವಾಪಸ್ ಬೇಕೆಂದರೆ ಇದ್ದದ್ದು ಒಂದೇ ದಾರಿ, ಇನ್ನೊಂದು ಮದುವೆ.

1875ರ ಡಿಸೆಂಬರಿನಲ್ಲಿ ಬ್ಯಾರಿಸ್ಟರ್ ಚಾರ್ಲ್ಸ್ ಬ್ರಾವೊನನ್ನು ಮದುವೆಯಾದಳು. ಮದುವೆಗೆ ಮೊದಲೇ ಗಲ್ಲಿ ವಿಷಯ ಅವನಿಗೆ ಹೇಳಿದ್ದಳು. ಅವನೂ ತನ್ನದನ್ನು ಹೇಳಿದ್ದ: ಇಟ್ಟುಕೊಂಡಿದ್ದ ಒಬ್ಬಳು, ಅವಳಲ್ಲಿ ಒಂದು ಮಗು. ಲೆಕ್ಕ ಸಮ ಅಲ್ಲವೇ? ಆಸ್ತಿ ಯಾರ ಹೆಸರಲ್ಲಿರಬೇಕು ಅನ್ನೋದಕ್ಕೆ ಮಾತ್ರ ಜಗ್ಗಾಟ ನಡೆಯಿತು. ಅವಳೂ ಬಿಡುವ ಪೈಕಿ ಅಲ್ಲ.

1876ರ ಏಪ್ರಿಲ್‌ನಲ್ಲಿ ಚಾರ್ಲ್ಸ್ ಸತ್ತ. ಹೊಟ್ಟೆಗೆ ಹೋದದ್ದು ಆಂಟಿಮನಿ ವಿಷ. ಲಂಡನ್ನಿನ ಬಾಲಂ ಪ್ರದೇಶದ ಬೆಡ್‌ಫರ್ಡ್ ಹೋಟೆಲಿನಲ್ಲಿ ಕಾರೊನರ್ (ಅನುಮಾನದ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ) ಮುಂದೆ ಎರಡನೇ ಸುತ್ತಿನ ವಿಚಾರಣೆ ಇಪ್ಪತ್ತಮೂರು ದಿನ ನಡೆಯಿತು. ಬ್ರಾವೊ ಮನೆಯವರ ಪರ ಬಂದ ವಕೀಲ ಜಾರ್ಜ್ ಲೂಯಿಸ್ ಕೆದಕಿದ್ದೇ ಕೆದಕಿದ್ದು, ಗಲ್ಲಿ ಜೊತೆ ಎಲ್ಲಿಗೆ ಹೋಗಿದ್ದೆ, ಏನು ನಡೆಯಿತು ಅಂತ. ಮೊದಲ ಗಂಡ ಸತ್ತ ಮೇಲೆ, ಎರಡನೆಯವನು ಬರುವ ಮುಂಚೆ ನಡೆದದ್ದಕ್ಕೆಲ್ಲ ಅವಳು ಉತ್ತರ ಕೊಡಬೇಕಾಯಿತು. ಇದು ನನ್ನ ಗಂಡನ ಸಾವಿನ ವಿಚಾರಣೆ, ನನ್ನನ್ನು ಕಾಪಾಡಿ ಅಂತ ಅವಳು ಬೇಡಿಕೊಂಡಳು. ಪತ್ರಿಕೆಗಳಿಗೆ ಹಬ್ಬ. ಚಾರ್ಲ್ಸ್ ಇಟ್ಟುಕೊಂಡಿದ್ದವಳ ಕಥೆಗೆ ಇದರ ಕಾಲುಪಾಲು ಬಿಸಿಯೂ ತಟ್ಟಲಿಲ್ಲ.

ಅವಳು ಮುಗ್ಧೆ ಅಂತ ನಾನೇನೂ ಪ್ರಮಾಣ ಮಾಡುವುದಿಲ್ಲ. ಅವಳೇ ಹಾಕಿರಬಹುದು. ಹಾಗಿದ್ದರೆ ವಿಷ ಎಲ್ಲಿಂದ ಬಂತು, ಗ್ಲಾಸಿಗೆ ಹೇಗೆ ಬಿತ್ತು ಅಂತ ತೋರಿಸಬೇಕಿತ್ತು. ಸಾಕ್ಷಿ ಸಿಗದ ಕಡೆಯೆಲ್ಲ ಅವಳ ಚಾರಿತ್ರ್ಯವನ್ನು ತಂದು ತುಂಬಿದರು. ಕೊನೆಗೆ ಜ್ಯೂರಿ ಹೇಳಿದ್ದು ಇಷ್ಟು: ಇದು ಕೊಲೆ, ಆದರೆ ಇಂಥವರೇ ಮಾಡಿದ್ದು ಅನ್ನಲು ಪುರಾವೆ ಸಾಲದು.

ಕುಡಿತಕ್ಕೆ ಬಿದ್ದ ಫ್ಲಾರೆನ್ಸ್ 1878ರಲ್ಲಿ ಸೌತ್‌ಸೀಯಲ್ಲಿ ಸತ್ತಳು. ಆಗ ಅವಳಿಗೆ ಮೂವತ್ತಮೂರು. ಆ ಬೆಡ್‌ಫರ್ಡ್ ಈಗಲೂ ಬಾಲಂನಲ್ಲಿದೆ, ಪಬ್ ಆಗಿ. ಕಾಮಿಡಿ ಶೋಗಳಿಗೆ ಹೆಸರುವಾಸಿ.